ಮಲಪ್ರಭೆಯ ದಂಡೆಯಲ್ಲಿ ಕಮರಿಗ ಹುಟ್ಟಿದ್ದು

ಏಳುಹೊಳೆ ಅಂತ ಒಂದು ನಾಡಿದೆ. ನಕ್ಷೆಯಲ್ಲಿ ಹುಡುಕಿದರೆ ಸಿಗಲ್ಲ, ನಾನು ಮತ್ತು ನನ್ನ ತಂಗಿ ಸೇರಿ ಕಟ್ಟುತ್ತಿರುವ ಕಥೆಯಲ್ಲಿದೆ. ಕಥೆ ನನ್ನದು, ಚಿತ್ರ ಅವಳದು. ಊರು, ರಾಜಮನೆತನ, ಜಾತ್ರೆ, ಜಗಳ ಎಲ್ಲ ಆಗಲೇ ಬಂದಿವೆ. ಆದರೆ ಆ ನಾಡಿನ ಮಂದಿ ರಾತ್ರಿ ಬಾಗಿಲು ಹಾಕಿಕೊಳ್ಳುವಾಗ ನೆನೆಯುವ ಒಂದು ದೊಡ್ಡ ಬೆಕ್ಕು ಬೇಕಿತ್ತು. ಕಮರಿಗ ಅನ್ನೋ ಹೆಸರು ಮಾತ್ರ ಸಿಕ್ಕಿತ್ತು, ಮೈ ಇನ್ನೂ ಸಿಕ್ಕಿರಲಿಲ್ಲ.

ಇಂಥ ಕಥೆಗಳಲ್ಲಿ ಬರುವ ಭಯಂಕರ ಪ್ರಾಣಿಗಳ ಬಗ್ಗೆ ಓದುವಾಗ ನನಗೆ ಸದಾ ಒಂದೇ ಪ್ರಶ್ನೆ. ನಾಯಕ ಆ ಕಡೆ ಬರದ ದಿನ ಇದು ಏನು ತಿನ್ನುತ್ತೆ? ನೀರು ಎಲ್ಲಿ ಕುಡಿಯುತ್ತೆ? ಬೇಟೆಗೆ ಹೋಗುವಾಗ ಮರಿಗಳನ್ನು ಎಲ್ಲಿ ಬಿಟ್ಟು ಹೋಗುತ್ತೆ? ಇವಕ್ಕೆ ಉತ್ತರ ಇಲ್ಲದ ಪ್ರಾಣಿಗೆ ಎಷ್ಟು ಉದ್ದ ಹಲ್ಲು ಬರೆದರೂ ಅದು ಚಿತ್ರವಾಗಿಯೇ ಉಳಿಯುತ್ತೆ, ಪ್ರಾಣಿ ಆಗಲ್ಲ. ಬೇಟೆಗಾರನ ಮೈಯನ್ನು ರೂಪಿಸುವುದು ಅದರ ಬೇಟೆ ಮತ್ತು ನೆಲ. ಹಾಗಾಗಿ ಮೊದಲು ನೆಲ ನೋಡಬೇಕು ಅಂತ ಜನವರಿಯಲ್ಲಿ ಇಬ್ಬರೂ ಹೊರಟೆವು. ಏಳುಹೊಳೆಯ ಮುಖ್ಯ ನದಿಗೆ ನಮ್ಮ ಮಲಪ್ರಭೆಯೇ ಮಾದರಿ. ಸುಮಾರು 300 ಕಿಲೋಮೀಟರ್ ಹರಿಯುವ ಈ ಹೊಳೆ ದಟ್ಟ ಕಾಡಿನಲ್ಲಿ ಹುಟ್ಟಿ, ಕಪ್ಪು ಎರೆನೆಲ ದಾಟಿ, ಕೆಂಪು ಬಂಡೆಗಳ ನಡುವೆ ನುಸುಳಿ ಕೃಷ್ಣೆ ಸೇರುತ್ತದೆ. ಒಂದೇ ಹೊಳೆಯಲ್ಲಿ ಇಷ್ಟೆಲ್ಲ ಬೇರೆ ಬೇರೆ ನೆಲ!

ಶುಕ್ರವಾರ, ಕಣಕುಂಬಿ

ಬೆಳಗಾವಿಯಲ್ಲಿ ಚಹಾ ಕುಡಿದು, ದಾರಿಗೆ ಕುಂದಾ ಕಟ್ಟಿಸಿಕೊಂಡು ಜಾಂಬೋಟಿ ರಸ್ತೆ ಹಿಡಿದೆವು. ಜಾಂಬೋಟಿ ದಾಟುತ್ತಿದ್ದಂತೆ ಗಾಳಿಯೇ ಬೇರೆ. ಖಾನಾಪುರ ತಾಲ್ಲೂಕಿನ ಕಣಕುಂಬಿ ಸಮುದ್ರ ಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿದೆ. ಮಾವುಲಿ ದೇವಿ ಗುಡಿಯ ಹತ್ತಿರವೇ ಮಲಪ್ರಭೆ ಹುಟ್ಟುತ್ತಾಳೆ. ಮುಂದೆ ಎಷ್ಟೋ ಊರುಗಳಿಗೆ ನೀರು ಕೊಡುವ ಹೊಳೆ ಇಲ್ಲಿ ಎಷ್ಟು ಸಣ್ಣದು ಅಂದರೆ ನೋಡಿದಾಗ ಪ್ರೀತಿ ಉಕ್ಕುತ್ತದೆ.

ಸುತ್ತಲಿನದು ಭೀಮಗಡದ ಕಾಡು. 2011ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 190 ಚದರ ಕಿಲೋಮೀಟರ್. ಇದರೊಳಗಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಹೆಸರಿನ ಬಾವಲಿಗಳಿವೆ, ಜಗತ್ತಿನಲ್ಲಿ ತೀರಾ ಕಡಿಮೆ ಕಡೆ ಕಂಡಿರುವ ಜಾತಿ. ಗುಹೆಗೆ ಹೋಗುವ ಯೋಚನೆ ನಮಗಿರಲಿಲ್ಲ. ಅವುಗಳ ಪಾಡಿಗೆ ಅವು ಇರಲಿ.

ಕಾಡಿನ ಅಂಚಿನ ರಸ್ತೆಯಲ್ಲಿ ನಿಂತು ಒಳಗೆ ನೋಡಿದರೆ ಮಧ್ಯಾಹ್ನವೂ ಕತ್ತಲೆ. ಅಲ್ಲೇ ಮೊದಲ ತೀರ್ಮಾನ ಆಯಿತು. ಪಶ್ಚಿಮ ಘಟ್ಟದ ಈ ಪಟ್ಟಿಯಲ್ಲಿ ಕರಿ ಚಿರತೆಗಳು ಕಾಣಸಿಗುತ್ತವೆ. ಅದು ಬೇರೆ ಜಾತಿ ಅಲ್ಲ, ಅದೇ ಚಿರತೆ. ಬಿಸಿಲಿನಲ್ಲಿ ನಿಂತರೆ ಕಪ್ಪಿನೊಳಗೂ ಚುಕ್ಕೆ ಕಾಣುತ್ತವೆ. ಚಿರತೆಯಲ್ಲಿ ಕಪ್ಪು ಬಣ್ಣ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬರಬೇಕು, ಹಾಗಾಗಿ ಚುಕ್ಕೆಯ ಜೋಡಿಗೂ ಕಪ್ಪು ಮರಿ ಹುಟ್ಟಬಹುದು. ಜಾಗ್ವಾರ್‌ನಲ್ಲಿ ಒಬ್ಬರಿಂದ ಬಂದರೂ ಸಾಕು. ಮಳೆಕಾಡಿನ ಕತ್ತಲಲ್ಲಿ ಇಂಥ ಕಪ್ಪು ಚಿರತೆಗಳು ಜಾಸ್ತಿ, ಬಯಲಿನಲ್ಲಿ ಅಪರೂಪ.

ಅಂದರೆ ಕಮರಿಗಕ್ಕೆ ಒಂದೇ ಬಣ್ಣ ಬೇಕಾಗಿಲ್ಲ. ಹೊಳೆಯ ತಲೆಯಲ್ಲಿ ಕಪ್ಪು, ಕೆಳಗೆ ಹೋದಂತೆ ಬಂಡೆಯ ಕೆಂಪು. ಎರಡೂ ಒಂದೇ ಜಾತಿ. ಆದರೆ ಏಳುಹೊಳೆಯ ಘಟ್ಟದ ಮಂದಿ ತಮ್ಮ ಕರಿ ಕಮರಿಗವೇ ನಿಜವಾದದ್ದು ಅನ್ನುತ್ತಾರೆ, ಬಯಲಿನವರು ಅದನ್ನು ಒಪ್ಪಲ್ಲ. ಒಂದು ಜಗಳ ತಾನಾಗಿ ಹುಟ್ಟಿತು, ಕಥೆಗೆ ಅದೂ ಬೇಕಲ್ವಾ?

ಶನಿವಾರ, ನವಿಲುತೀರ್ಥ

ಬೈಲಹೊಂಗಲ ದಾಟಿದ ಮೇಲೆ ಎರಡೂ ಕಡೆ ಎರೆಹೊಲ. ಜೋಳ, ಕಡಲೆ, ಅಲ್ಲಲ್ಲಿ ಕುಸುಬೆ. ಸವದತ್ತಿ ಹತ್ತಿರ ಮಲಪ್ರಭೆ ಒಂದು ಗುಡ್ಡವನ್ನೇ ಸೀಳಿಕೊಂಡು ಹೋಗಿದ್ದಾಳೆ. ಆ ಸೀಳಿನಲ್ಲೇ ಆಣೆಕಟ್ಟು ಕಟ್ಟಿದ್ದಾರೆ. ಹಿಂದೆ ರೇಣುಕಾಸಾಗರದ ನೀರು, ಮುಂದೆ ಕಲ್ಲಿನ ಇಕ್ಕಟ್ಟು. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರ ಗಾಡಿಗಳು ದಾರಿ ತುಂಬಾ ಇದ್ದವು.

ಏಳುಹೊಳೆಯಲ್ಲಿ ಆಣೆಕಟ್ಟು ಇಲ್ಲ. ಹಾಗಾದರೆ ಈ ಕಮರಿ ಏನಾಗುತ್ತೆ ಅಂತ ತಂಗಿ ದಂಡೆಯ ಮೇಲೆ ಕೂತು ಚಿತ್ರ ಬಿಡಿಸತೊಡಗಿದಳು. ಬೇಸಿಗೆಯಲ್ಲಿ ಬಯಲಿನ ಹುಲ್ಲೆಗಳು ನೀರು, ಹಸಿರು ಹುಡುಕಿಕೊಂಡು ಘಟ್ಟದ ಕಡೆ ನಡೆಯುತ್ತವೆ, ಮಳೆ ಬಿದ್ದ ಮೇಲೆ ವಾಪಸು ಬರುತ್ತವೆ. ಗುಡ್ಡಸಾಲು ಅಡ್ಡ ಇರುವುದರಿಂದ ದಾರಿ ಇದೊಂದೇ. ಸಾವಿರಾರು ಗೊರಸು ಒಂದೇ ಇಕ್ಕಟ್ಟಿನಲ್ಲಿ ತೂರಬೇಕು. ಬೆಕ್ಕಿನ ಜಾತಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಅವು ದೂರ ಓಡಿ ಹಿಡಿಯುವ ಪ್ರಾಣಿಗಳಲ್ಲ. ಅಡಗಿ ಕೂತು, ಹೊಟ್ಟೆ ನೆಲಕ್ಕೆ ಹಚ್ಚಿ ಹತ್ತಿರ ಸರಿದು, ಕೊನೆಯ ಕೆಲವೇ ಮಾರು ಹಾರಿ ಹಿಡಿಯುತ್ತವೆ. ಸಣ್ಣ ಬೇಟೆಯಾದರೆ ಹಿಂಗತ್ತಿಗೆ ಬಾಯಿ, ದೊಡ್ಡದಾದರೆ ಗಂಟಲಿಗೆ.

"ಅಣ್ಣಾ, ವರ್ಷಕ್ಕ ಎರಡು ಸಲ ಹಬ್ಬ ಮಾಡ್ತೈತಿ ಅಂದ್ರ ಉಳಿದ ದಿನ ಏನು?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ವಲಸೆ ಬರುವ ಹಿಂಡು ನಂಬಿಕೊಂಡು ಬೆಕ್ಕು ವರ್ಷವಿಡೀ ಬದುಕಲ್ಲ. ಸುಮಾರು 20 ಕಿಲೋ ತೂಕ ದಾಟಿದ ಮಾಂಸಾಹಾರಿಗೆ ಇಲಿ, ಹುಳಗಳಲ್ಲಿ ಹೊಟ್ಟೆ ತುಂಬುವುದು ಕಷ್ಟ. ಹುಡುಕುವ ಶ್ರಮವೇ ಜಾಸ್ತಿ ಆಗುತ್ತೆ. ತನ್ನ ತೂಕಕ್ಕೆ ಹತ್ತಿರದ ಬೇಟೆ ಅದಕ್ಕೆ ಬೇಕೇ ಬೇಕು. ಉಳಿದ ತಿಂಗಳುಗಳ ಊಟವನ್ನು ಬಂಡೆಗಳೇ ಕೊಡಬೇಕು. ಅದಕ್ಕೆ ಬಾದಾಮಿಗೆ ಹೋಗಬೇಕಿತ್ತು. ರಾಮದುರ್ಗ ದಾರಿಯಲ್ಲಿ ಕತ್ತಲಾಯಿತು.

ಭಾನುವಾರ, ಬಾದಾಮಿ

ಬಾದಾಮಿಯ ಬೆಳಗು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮರಳುಗಲ್ಲಿನ ಗುಡ್ಡಕ್ಕೆ ಬಿಸಿಲು ಬಿದ್ದ ಕೂಡಲೇ ಇಡೀ ಊರು ಕೆಂಪಾಗುತ್ತದೆ. ಇಲ್ಲಿ ಮೊದಲನೆಯ ಪುಲಕೇಶಿ 543ರಲ್ಲಿ ಕೋಟೆ ಕಟ್ಟಿಸಿದ. ಮೂರನೇ ಗುಹೆಯನ್ನು ಮಂಗಳೇಶ ಮಾಡಿಸಿದ, 578ರ ಶಾಸನ ಅಲ್ಲೇ ಇದೆ.

ಭಾನುವಾರ ಅಂದರೆ ಜನವೋ ಜನ. ನಾವು ಬೇಗ ಹತ್ತಿ ನೇರ ಕಂಬಗಳ ಮೇಲಿನ ಬೋದಿಗೆಗಳ ಕಡೆ ಹೋದೆವು. ಅಲ್ಲಿ ಸಿಂಹದ ಮೈಯ ವ್ಯಾಳಗಳಿವೆ. ಮುಂಗಾಲು ಎತ್ತಿ, ಎದೆ ಮುಂದೆ ಮಾಡಿ, ಮೇಲಿನ ಕಲ್ಲಿನ ಭಾರ ತಾವೇ ಹೊತ್ತಿದ್ದೇವೆ ಅನ್ನುವ ಹಾಗೆ ನಿಂತಿವೆ. ಕಲ್ಪನೆಯ ಬೆಕ್ಕನ್ನು ಕಟ್ಟುವ ಕೆಲಸದಲ್ಲಿ ಇವರು ನಮಗಿಂತ ಹದಿನಾಲ್ಕು ಶತಮಾನ ಮುಂದಿದ್ದಾರೆ! ತಂಗಿ ತುಂಬಾ ಹೊತ್ತು ಒಂದು ವ್ಯಾಳದ ಹಿಂಗಾಲನ್ನೇ ಬಿಡಿಸಿದಳು. ಶಿಲ್ಪಿ ಮುಖಕ್ಕೆ ಏನೇ ಕಲ್ಪನೆ ಮಾಡಿರಲಿ, ತೊಡೆಯ ಸ್ನಾಯುವಿನಲ್ಲಿ ನಿಜವಾದ ಪ್ರಾಣಿ ಇದೆ. ಹಾರುವ ಬೆಕ್ಕಿನ ಶಕ್ತಿ ಇರುವುದು ಅಲ್ಲೇ, ಹಿಂಗಾಲಿನಲ್ಲಿ. ಹಾರಲು ರೆಕ್ಕೆ ಬೇಕು ಅಂತ ನಮ್ಮ ಗೆಳೆಯರ ಬಳಗದಲ್ಲಿ ಒಂದು ಗುಂಪು ಹಟ ಮಾಡುತ್ತಲೇ ಇತ್ತು. ನನ್ನ ಉತ್ತರ ಈ ವ್ಯಾಳದ ತೊಡೆ. ಇಂಥ ಕಾಲಿದ್ದ ಪ್ರಾಣಿಗೆ ರೆಕ್ಕೆ ಯಾಕೆ?

ಊರಿನಿಂದ ಸಿಡಿಲಫಡಿಗೆ ಕಾಲುದಾರಿ ಇದೆ, ಕುರುಚಲು ಕಾಡು ಮತ್ತು ಬಂಡೆಗಳ ನಡುವೆ. ದಾರಿ ಬಲ್ಲ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡೆವು. ಅಲ್ಲಿ ದೊಡ್ಡ ಕಲ್ಲಿನ ಆಸರೆ ಇದೆ, ಗೋಡೆಯ ಮೇಲೆ ಆದಿಮಾನವರು ಬರೆದ ಚಿತ್ರಗಳಿವೆ. ಪ್ರಾಣಿಗಳು, ಮನುಷ್ಯರು, ಮಾಸಿದ ಕೆಂಪು. ಚಾಲುಕ್ಯರಿಗಿಂತ ಎಷ್ಟೋ ಮೊದಲು ಯಾರೋ ಇಲ್ಲಿ ಕೂತು, ತಾವು ಬೇಟೆಯಾಡಿದ ಅಥವಾ ತಾವು ಹೆದರಿದ ಪ್ರಾಣಿಯನ್ನು ನೆನೆದು ಬಣ್ಣ ಅರೆದಿದ್ದಾರೆ. ನಾವು ಮಾಡುತ್ತಿರುವ ಕೆಲಸ ಹೊಸದಲ್ಲ ಅನ್ನಿಸಿ ಮೈ ಜುಮ್ಮೆಂದಿತು.

ಇಲ್ಲಿನ ಕಲ್ಲನ್ನು ಸ್ವಲ್ಪ ಗಮನಿಸಬೇಕು. ಮರಳುಗಲ್ಲು ರೊಟ್ಟಿ ಪೇರಿಸಿಟ್ಟ ಹಾಗೆ ಪದರ ಪದರ. ಮೇಲಿಂದ ಕೆಳಗೆ ನೇರ ಬಿರುಕುಗಳು. ಪದರ ಕಳಚಿದಲ್ಲಿ ಅಂಚು, ಬಿರುಕು ಅಗಲವಾದಲ್ಲಿ ಓಣಿ, ಬುಡ ಸವೆದಲ್ಲಿ ಫಡಿ (ಕಲ್ಲಿನ ಆಸರೆ). ಅಂದರೆ ನಡೆಯಲು ಅಂಚು, ಹೊಂಚಲು ಓಣಿ, ಮರಿ ಹಾಕಲು ಫಡಿ. ಸಂಜೆ ಕತ್ತಲಾದ ಮೇಲೂ ಬಂಡೆ ಮುಟ್ಟಿದರೆ ಬೆಚ್ಚಗಿತ್ತು. ಹಗಲಿಡೀ ಕುಡಿದ ಬಿಸಿಲನ್ನು ಅದು ನಿಧಾನವಾಗಿ ಬಿಡುತ್ತದೆ. ಚಳಿಗಾಲದ ರಾತ್ರಿ ತಾಯಿ ಬೇಟೆಗೆ ಹೋದಾಗ ಮರಿಗಳಿಗೆ ಈ ಬೆಚ್ಚನೆಯೇ ಆಸರೆ. ಮರಿಗಳ ಪ್ರಶ್ನೆಗೆ ಉತ್ತರ ಸಿಕ್ಕಿತು.

ಮೈಯ ಬಗ್ಗೆಯೂ ಆ ದಿನವೇ ಬಹಳಷ್ಟು ತೀರ್ಮಾನ ಆಯಿತು. ಹಿಮಚಿರತೆಯ ಬಾಲ ಹೆಚ್ಚು ಕಡಿಮೆ ಅದರ ಮೈಯಷ್ಟೇ ಉದ್ದ, ಕಡಿದಾದ ಜಾಗದಲ್ಲಿ ತಿರುಗುವಾಗ ತೂಕ ಸರಿದೂಗಿಸಲು ಅದು ಬೇಕು. ಕಮರಿಗಕ್ಕೂ ಉದ್ದ ಬಾಲ, ಆದರೆ ಇಲ್ಲಿ ಹಿಮ ಇಲ್ಲ, ಹಾಗಾಗಿ ದಪ್ಪ ತುಪ್ಪಳ ಬೇಡ. ಪಾದ ಅಗಲ, ಬೆರಳಿನ ನಡುವೆ ಕೂದಲು. ಮರಳುಗಾಡಿನ ಸಣ್ಣ ಬೆಕ್ಕಿಗೆ ಇಂಥ ಕೂದಲಿದೆ, ಸುಡುವ ನೆಲದ ಮೇಲೆ ಅದೇ ಚಪ್ಪಲಿ. ಕಣ್ಣಪಾಪೆ ಗುಂಡು. ಮನೆಬೆಕ್ಕಿನದು ಸೀಳಿದ ಹಾಗೆ ನೀಳ, ಹುಲಿ ಚಿರತೆಗಳದ್ದು ಗುಂಡು. ಕಥೆಗಳಲ್ಲಿ ದೊಡ್ಡ ಬೆಕ್ಕಿಗೆ ಸೀಳು ಪಾಪೆ ಬರೆಯುವವರು ದಯವಿಟ್ಟು ಒಮ್ಮೆ ಹುಲಿಯ ಕಣ್ಣು ನೋಡಿ.

ಬಂಡೆಯ ಮೇಲಿನ ಊಟ? ತಂಗಿ ಆಗಲೇ ಬಿಡಿಸಿದ್ದಳು. ಬಿಳಿ ಹೊಟ್ಟೆಯ, ಗಿಡ್ಡ ಕಾಲಿನ, ಆಡಿನ ಜಾತಿಯ ಪ್ರಾಣಿ. ಬೆಳ್ಳೊಟ್ಟೆ ಅಂತ ಹೆಸರಿಟ್ಟೆವು. ಕಡಿದಾದ ಅಂಚಿನಲ್ಲಿ ಹುಲ್ಲು ಮೇಯುತ್ತದೆ, ಹೆದರಿದರೆ ಮೇಲಕ್ಕೆ ಓಡುತ್ತದೆ. ಹಾಗಾಗಿ ಕಮರಿಗ ಸದಾ ಮೇಲಿನಿಂದ ಬರಬೇಕು.

ಸೋಮವಾರ, ಪಟ್ಟದಕಲ್ಲು, ಐಹೊಳೆ

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. 1987ರಿಂದ ಇದು ವಿಶ್ವಪರಂಪರೆಯ ತಾಣ. ವಿರೂಪಾಕ್ಷ ಗುಡಿಯನ್ನು ಲೋಕಮಹಾದೇವಿ ಕಟ್ಟಿಸಿದಳು. ಹೊಳೆಯಲ್ಲಿ ನೀರು ಕಡಿಮೆ ಇತ್ತು, ಅಲ್ಲಲ್ಲಿ ಮಡು. ದನಗಳು ಮಡುವಿಗೆ ಬಂದು ಕುಡಿದು ಹೋಗುತ್ತಿದ್ದವು. ಬೇಸಿಗೆ ಬಂದಂತೆ ಈ ಮಡುಗಳೇ ಎಲ್ಲರ ಕೂಟ, ಬೇಟೆಗೂ ಬೇಟೆಗಾರನಿಗೂ.

ಐಹೊಳೆಯ ದುರ್ಗ ಗುಡಿಯ ಹಿಂಭಾಗ ಅರ್ಧಗೋಲ. ಅದರ ಸುತ್ತಿನ ಮೊಗಸಾಲೆಯಲ್ಲಿ ಮಹಿಷಮರ್ದಿನಿ ನಿಂತಿದ್ದಾಳೆ, ಪಕ್ಕದಲ್ಲಿ ಸಿಂಹ. ಈ ಶಿಲ್ಪ ನೋಡಿದ ಮೇಲೆ ಏಳುಹೊಳೆಯ ಮಂದಿ ಕಮರಿಗವನ್ನು ಹೇಗೆ ಕಾಣುತ್ತಾರೆ ಅನ್ನೋದೂ ಹೊಳೆಯಿತು. ಕುರಿ ತಿನ್ನುವ ಶತ್ರುವೂ ಹೌದು, ಊರದೇವಿಯ ವಾಹನವೂ ಹೌದು. ಕೊಂದರೆ ಪಾಪ, ಕೊಲ್ಲದಿದ್ದರೆ ನಷ್ಟ. ನಮ್ಮ ಹಳ್ಳಿಗಳಲ್ಲೂ ಕಾಡುಪ್ರಾಣಿಯ ಜೊತೆಗಿನ ಸಂಬಂಧ ಇಷ್ಟೇ ಇಬ್ಬಗೆಯದು. ಅಮೀನಗಡದಲ್ಲಿ ಕರದಂಟು ತೆಗೆದುಕೊಂಡು ಮುಂದೆ ಹೋದೆವು.

ಮಂಗಳವಾರ, ಕೂಡಲಸಂಗಮ

ಇಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ, ಸುಮಾರು 490 ಮೀಟರ್ ಎತ್ತರದಲ್ಲಿ. ಕಣಕುಂಬಿಯಿಂದ ಇಳಿದದ್ದು ಬರೀ 300 ಮೀಟರ್, ಆದರೆ ಅಷ್ಟರಲ್ಲಿ ಜಗತ್ತೇ ಬದಲಾಗಿದೆ. ಸಂಗಮನಾಥನ ದರ್ಶನ ಮಾಡಿ, ಬಸವಣ್ಣನವರ ಐಕ್ಯ ಮಂಟಪಕ್ಕೆ ಇಳಿದೆವು. ಸುತ್ತ ನಾರಾಯಣಪುರ ಜಲಾಶಯದ ಹಿನ್ನೀರು, ಅದರ ನಡುವೆ ಮಂಟಪವನ್ನು ಗೋಡೆ ಕಟ್ಟಿ ಉಳಿಸಿಕೊಂಡಿದ್ದಾರೆ. ಸ್ವಲ್ಪ ಹೊತ್ತು ಕಥೆಯ ಮಾತೇ ಆಡಲಿಲ್ಲ.

ಆಮೇಲೆ ದಂಡೆಯಲ್ಲಿ ಮೀನು ಹಿಡಿಯುವವರ ಜೊತೆ ಮಾತಿಗೆ ಕೂತೆವು. ಕೃಷ್ಣೆಯಲ್ಲಿ ಮೊಸಳೆಗಳಿವೆ. "ನೀರಾಗ ಅದರದ ಆಟ ರೀ. ದನ ಕುಡಿಲಿಕ್ಕ ಬಂದಾಗ ನಾವು ಮುಂದ ನಿಂತು ಕೋಲಿನಿಂದ ಬಡೀತೀವಿ" ಅಂದರು ಒಬ್ಬರು. ಅಂದರೆ ಏಳುಹೊಳೆಯಲ್ಲೂ ದೊಡ್ಡ ನೀರು ಕಮರಿಗದ್ದಲ್ಲ, ಮೊಸಳೆಯದ್ದು. ಕೊಂದ ಬೇಟೆಯನ್ನು ದಂಡೆಯಲ್ಲಿ ಬಿಟ್ಟರೆ ಕಳೆದುಕೊಂಡ ಹಾಗೆಯೇ. ಚಿರತೆ ಮರಕ್ಕೆ ಎಳೆದುಕೊಂಡು ಹೋಗುತ್ತೆ, ನಮ್ಮ ಕಮರಿಗ ಬಂಡೆಯ ಅಂಚಿಗೆ ಹತ್ತಿಸುತ್ತೆ. ಅದಕ್ಕೆ ಕತ್ತು ದಪ್ಪ ಇರಬೇಕು, ಭುಜ ಅಗಲ ಇರಬೇಕು. ನೀರು ಬಂಡೆಯ ಮೇಲಿನ ದೊಣೆಗಳಲ್ಲಿ. ದೊಣೆ ಬತ್ತಿದ ಮೇಲೆ ಬೇಟೆಯ ರಕ್ತ ಮಾಂಸದ ತೇವದಲ್ಲೇ ದಿನ ದೂಡುತ್ತೆ. ಮರಳುಗಾಡಿನ ಬೆಕ್ಕು ಹೀಗೇ ಬದುಕುತ್ತದೆ.

ಬುಧವಾರ, ಯಡಹಳ್ಳಿ

ಬೀಳಗಿ ಕಡೆಯ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ 2016ರಲ್ಲಿ ಘೋಷಣೆಯಾಯಿತು, 96 ಚದರ ಕಿಲೋಮೀಟರ್. ಹೊರಗಿನವರಿಗೆ ಇದೊಂದು ಬರಡು ಗುಡ್ಡ ಅನ್ನಿಸಬಹುದು. ಜಾಲಿ, ಕಳ್ಳಿ, ಒಣಹುಲ್ಲು, ಕಲ್ಲು. ನಮ್ಮ ಭಾಗದ ಇಂಥ ನೆಲಕ್ಕೆ ಮರ್ಯಾದೆ ಕಡಿಮೆ. ಮರ ಇಲ್ಲ ಅಂದರೆ ಕಾಡೇ ಅಲ್ಲ ಅಂದುಕೊಳ್ಳುತ್ತೇವೆ. ಆದರೆ ಇಲ್ಲಿ ಚಿಂಕಾರ ಇದೆ, ತೋಳ ಇದೆ, ಕತ್ತೆಕಿರುಬ ಇದೆ, ನರಿ ಇದೆ. ಈ ಕುರುಚಲು ಉಳಿಯಬೇಕು ಅಂತ ನಾನು ಮನಸಾರೆ ಬಯಸುತ್ತೇನೆ.

ರಸ್ತೆ ಬದಿಯ ದಿಬ್ಬದ ಮೇಲೆ ಬೆಳಗಿನಿಂದ ಕೂತಿದ್ದೆವು. ಬಿಸಿಲು ಏರುವ ಮುಂಚೆ ಚಿಂಕಾರ ಕಂಡಿತು. ಮೊದಲು ಬಾಲ, ಸಣ್ಣ ಕರಿ ಬಾಲ ಪಟಪಟ ಅಲ್ಲಾಡಿತು, ಆಮೇಲೆ ಪೊದೆಯ ಪಕ್ಕ ಇಡೀ ಮೈ. ತಂಗಿ ನನ್ನ ಮೊಣಕೈ ಹಿಡಿದೇ ಇದ್ದಳು. ಸುಮಾರು 20 ಕಿಲೋ ತೂಗುವ ಪ್ರಾಣಿ, ಎಲೆಯ ತೇವ ಮತ್ತು ಇಬ್ಬನಿಯಲ್ಲೇ ಎಷ್ಟೋ ದಿನ ನೀರಿಲ್ಲದೆ ಇರಬಲ್ಲದು. ನಮ್ಮ ಕಡೆ ನೋಡಿತು, ನಿಂತಿತು, ಮತ್ತೆ ನೋಡಿತು. ಮೂರು ಜಿಗಿತದಲ್ಲಿ ಮಾಯ. ಕಮರಿಗದ ಇಡೀ ಮೈಯನ್ನು ಆ ಜಿಗಿತವೇ ಅಳೆದು ಕೊಟ್ಟಿತು ನೋಡಿ. ಇದನ್ನು ಹಾರಿ ಹಿಡಿಯಲು 100 ಕಿಲೋದ ಮೈ ಆಗಲ್ಲ. 60 ಕಿಲೋ ಸಾಕು, ಹೆಣ್ಣಿಗೆ ಇನ್ನೂ ಕಡಿಮೆ.

ಈಗ ಲೆಕ್ಕ. ಮಾಂಸಾಹಾರಿಗಳ ಬಗ್ಗೆ ವಿಜ್ಞಾನಿಗಳು ಕಂಡುಕೊಂಡ ಒಂದು ಅಂದಾಜಿದೆ. 10,000 ಕಿಲೋ ಬೇಟೆ ಪ್ರಾಣಿ ಇರುವ ಕಡೆ ಒಂದು ಜಾತಿಯ ಬೇಟೆಗಾರ ಸುಮಾರು 90 ಕಿಲೋದಷ್ಟು ಬದುಕಬಲ್ಲದು. ಹಾಗಾದರೆ 60 ಕಿಲೋದ ಒಂದು ಕಮರಿಗದ ಹಿಂದೆ 20 ಕಿಲೋದ ಹುಲ್ಲೆಗಳು 330ರಷ್ಟು ಇರಬೇಕು. ಕಣಿವೆಯಲ್ಲಿ ನಾವು 10,000 ಹುಲ್ಲೆ ಇಟ್ಟರೆ ಕಮರಿಗ 30 ಮಾತ್ರ. ಪ್ರತಿ ಅಧ್ಯಾಯದಲ್ಲೂ ಒಂದೊಂದು ಕಮರಿಗ ಸಾಯಿಸಿದರೆ ಪುಸ್ತಕ ಮುಗಿಯುವ ಮೊದಲೇ ಜಾತಿಯೇ ಮುಗಿಯುತ್ತೆ. ಭಾರತದಲ್ಲಿ ಚೀತಾಗಳಿಗೆ ಆದದ್ದು ಇದೇ. ಉಳಿದಿದ್ದ ಕೊನೆಯ ಕೆಲವನ್ನೂ 1947ರ ಹೊತ್ತಿಗೆ ಹೊಡೆದರು, 1952ರಲ್ಲಿ ಇಲ್ಲ ಅಂತ ಘೋಷಿಸಿದರು. ಹಾಗಾಗಿ ನಮ್ಮ ಕಥೆಯಲ್ಲಿ ಒಂದು ಕಮರಿಗ ಸತ್ತರೂ ಅದು ದೊಡ್ಡ ಸುದ್ದಿ ಆಗಬೇಕು.

ಹತ್ತಿರದ ಹೊಲದಲ್ಲಿ ಕುರಿ ತರುಬಿದ್ದರು. ಕುರಿಗಾರ ಅಜ್ಜನಿಗೆ ನಮ್ಮ ಚಿತ್ರ ತೋರಿಸಿದೆವು. ಅವರು ನಗಲಿಲ್ಲ, ಪುಸ್ತಕ ಕೈಗೆ ತೆಗೆದುಕೊಂಡು ಚೆನ್ನಾಗಿ ನೋಡಿದರು. "ಇದು ಗಾಳಿ ಯಾ ಕಡೆಯಿಂದ ಬರ್ತದ ನೋಡ್ತೈತೇನ್ರಿ? ತೋಳ ನೋಡ್ತಾವ. ನಾಯಿ ಒದರಿದ ಕಡೆ ನಾವು ಓಡ್ತೀವಿ, ಇನ್ನೊಂದು ಕಡೆಯಿಂದ ಕುರಿ ಹೊತ್ಕೊಂಡು ಹೋಗ್ತಾವ." ಬೆಕ್ಕು ಒಂಟಿ, ಅದಕ್ಕೆ ಈ ಜೋಡಿ ಆಟ ಬರಲ್ಲ ಅಂದೆ. "ಹಂಗಾರ ನಿಮ್ಮ ಪ್ರಾಣಿ ಹಟ್ಟಿಗೆ ಸಹಜ ಬರಂಗಿಲ್ಲ ಬಿಡ್ರಿ. ಬಂತಂದ್ರ ಅದಕ್ಕ ಅಲ್ಲಿ ಏನೋ ಸಿಕ್ಕಿಲ್ಲ ಅಂತ" ಅಂದರು. ಇಡೀ ಪ್ರವಾಸದಲ್ಲಿ ನಮಗೆ ಸಿಕ್ಕ ಅತಿ ಒಳ್ಳೆಯ ಮಾತು ಇದು.

ಗುರುವಾರ, ಮುಧೋಳ

ಕವಿ ರನ್ನನ ಊರಿಗೆ ನಾವು ಬಂದದ್ದು ನಾಯಿ ನೋಡಲು. ಮುಧೋಳ ನಾಯಿಯ ಮೇಲೆ 2005ರಲ್ಲಿ ಅಂಚೆ ಚೀಟಿ ಬಂದಿದೆ, ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನಾ ಕೇಂದ್ರ ಇದೆ. ಪರಿಚಯದ ರೈತರೊಬ್ಬರ ಹೊಲದಲ್ಲಿ ಎರಡು ನಾಯಿಗಳ ಓಟ ನೋಡಿದೆವು. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ. ಕಣ್ಣಿನಿಂದ ಬೇಟೆ ಹುಡುಕಿ, ಬಯಲಿನಲ್ಲಿ ಅಟ್ಟಿಸಿಕೊಂಡು ಹೋಗುವ ಮೈ. ಉಗುರು ಒಳಗೆ ಸೇರಲ್ಲ, ಓಡುವಾಗ ನೆಲ ಕಚ್ಚುತ್ತವೆ. ಬೆಕ್ಕಿನ ಉಗುರು ಒಳಗೆ ಸೇರುತ್ತೆ, ಹಿಡಿಯುವ ಹೊತ್ತಿಗೆ ಹರಿತವಾಗಿ ಉಳಿದಿರುತ್ತೆ. ಒಂದು ಮೈ ಓಡಲು, ಇನ್ನೊಂದು ಹಿಡಿಯಲು.

ಏಳುಹೊಳೆಯ ಬಯಲು ಹಾಗಾಗಿ ಕಮರಿಗದ್ದಲ್ಲ. ಅಲ್ಲಿ ಹಗಲು ಕಾಡುನಾಯಿಗಳ ಹಿಂಡು ಓಡುತ್ತದೆ. ಒಂಟಿ ಕಮರಿಗ ಬಯಲಲ್ಲಿ ಸಿಕ್ಕರೆ ಬೇಟೆ ಬಿಟ್ಟು ಬಂಡೆ ಹತ್ತಬೇಕು. ರಾತ್ರಿ, ಕಮರಿ, ಅಂಚು ಇವು ಅದರ ಪಾಲು. ಇಬ್ಬರಿಗೂ ಹುಲ್ಲೆ ಸಾಕಷ್ಟು ಇರುವ ತನಕ ಯಾರೂ ಮನುಷ್ಯರ ಹಟ್ಟಿಗೆ ಬರಲ್ಲ.

ಆದರೆ ನಮ್ಮ ಕಥೆಯ ಮೊದಲ ಅಧ್ಯಾಯದಲ್ಲಿ ಕಮರಿಗ ಹಟ್ಟಿಗೆ ಬಂದಿದೆ. ಅದನ್ನು ಹಾಗೇ ಇಟ್ಟುಕೊಳ್ಳುತ್ತೇವೆ, ಕಾರಣ ಮಾತ್ರ ಈಗ ಗೊತ್ತಿದೆ. ಮೇಲಿನ ಕಮರಿಯಲ್ಲಿ ಯಾರೋ ಗೋಡೆ ಕಟ್ಟಿದ್ದಾರೆ, ಆ ವರ್ಷ ಹುಲ್ಲೆಗಳು ದಾಟಿ ಬಂದಿಲ್ಲ. ಕುರಿ ಕಳೆದುಕೊಂಡ ಅಜ್ಜ ಕೊಡಲಿ ಹಿಡಿದು ಕಮರಿಗದ ಹಿಂದೆ ಹೋಗಲ್ಲ, ಗೋಡೆ ಕಟ್ಟಿದವರನ್ನು ಹುಡುಕಿಕೊಂಡು ಹೊಳೆಯ ಗುಂಟ ಮೇಲಕ್ಕೆ ಹೊರಡುತ್ತಾನೆ.